ಉಣ್ಣೆಯಿಲ್ಲದ ಉಲನ್

ಟಿಳಕವಾಡಿ, ಬೆಳಗಾವಿ
೧೪ ನವೆಂಬರ್ ೧೯೭೮, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀ? ಬಲತೋಳು ಈಗ ಎಷ್ಟು ಮೇಲೇಳುತ್ತದೆ? ಹೋದ ತಿಂಗಳು ಸಿದ್ದಪ್ಪ ಮಾಮಾ ಇಲ್ಲಿಗೆ ಬಂದಾಗ, ತಲೆ ಬಾಚಿಕೊಳ್ಳುವಷ್ಟು ಏಳುವುದಿಲ್ಲ, ಆದರೂ ರೊಟ್ಟಿ ಬಡಿಯುವುದನ್ನು ಬಿಟ್ಟಿಲ್ಲ ಎಂದರು. ಖಾನಾಪುರದಲ್ಲಿ ಆಗಲೇ ಚಳಿ ಬಿದ್ದಿದೆಯಂತೆ. ಸುಟ್ಟ ಜಾಗದ ಹೊಸ ಚರ್ಮಕ್ಕೆ ಕಂಬಳಿ ಹೊದ್ದರೆ ಚುಚ್ಚುತ್ತದೆ, ಹೊದೆಯದಿದ್ದರೆ ನಿನಗೆ ನಿದ್ದೆಯಿಲ್ಲ ಎಂಬುದನ್ನೂ ಅವರೇ ಹೇಳಬೇಕಾಯಿತು. ಫೆಬ್ರುವರಿಯಿಂದ ಈಚೆಗೆ ನಾನು ಎರಡು ಸಲ ಬಂದೆ. ಎರಡು ಸಲವೂ ನೀನು ಕೋಣೆಯ ಬಾಗಿಲು ಮುಚ್ಚಿಕೊಂಡೇ ಮಾತಾಡಿದೆ. "ಪಡಸಾಲ್ಯಾಗ ಕುಂದ್ರು ತಮ್ಮಾ, ಚಾ ಕುಡದ ಹೋಗು, ಒಳಗ ಬರಬ್ಯಾಡ." ಚಹಾ ಮಾಮಾ ಮಾಡಿಕೊಟ್ಟರು. ಸಕ್ಕರೆ ಬಹಳವಾಗಿತ್ತು.

ಭೀಮಕ್ಕ ನಿನಗೊಂದು ಶಾಲು ಹೆಣೆಯಬೇಕೆಂದು ಹಟ ಹಿಡಿದಿದ್ದಾಳೆ. (ನಮ್ಮ ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವಳು ನಿನ್ನ ಬಾಯಲ್ಲಿ ಇನ್ನೂ 'ನಮ್ಮ ತಮ್ಮನ ಹೇಣ್ತಿ'ಯೇ.) ದಟ್ಟ ಹೆಣಿಗೆಯದಲ್ಲ, ಜಾಳಿಯದು, ಹೆಗಲಿಗೆ ಭಾರವಾಗಬಾರದು, ಗಾಳಿಯಾಡಬೇಕು. ಉಣ್ಣೆಯದಂತೂ ಬೇಡ. ದಾರ ತರುವ ಕೆಲಸ ನನಗೆ ಬಂತು. ನನ್ನ ಅಂಗಿಯ ಬಟ್ಟೆಯನ್ನೂ ನಾನು ಮುಟ್ಟಿ ನೋಡಿ ಆರಿಸಿದವನಲ್ಲ. ಖಡೇಬಜಾರದಲ್ಲಿ ಬಾಳಾಸಾಹೇಬರ ಅಂಗಡಿಗೆ ಹೋಗಿ, ಉಣ್ಣೆಯಿಲ್ಲದ ಉಲನ್ ಕೊಡಿ ಎಂದೆ. ಹೆಣೆಯುವ ದಾರಕ್ಕೆಲ್ಲ ನಾವು ಉಲನ್ ಎಂದೇ ಅನ್ನುತ್ತ ಬಂದಿದ್ದೇವೆ. ಬೇರೆ ಶಬ್ದ ಹೊಳೆಯಲಿಲ್ಲ. ಅವರು ಕನ್ನಡಕವನ್ನು ಹಣೆಗೇರಿಸಿ, "ಮಾಸ್ತರ, ಹಾಲಿಲ್ಲದ ಕುಂದಾ ಕೇಳಿದಂಗಾತಲ್ರೀ" ಎಂದರು. ಆದರೂ ಮೂರು ಬಗೆಯ ದಾರ ತೆಗೆದು ಮುಂದಿಟ್ಟರು. ಒಂದು ಗಿರಣಿಯಲ್ಲಿ ಮಾಡಿದ ನೈಲಾನಿನಂಥದ್ದು, ಒಂದು ರೇಷ್ಮೆ, ಒಂದು ಹತ್ತಿ.

ನೈಲಾನಿನಂಥದ್ದು ಎಲ್ಲಕ್ಕಿಂತ ಮೆತ್ತಗಿತ್ತು. ಅಷ್ಟು ಮೆತ್ತಗಿದ್ದುದರಿಂದಲೇ ಸಂಶಯ ಬಂದು, ಇದರಲ್ಲಿ ಉಣ್ಣೆ ಬೆರೆತಿಲ್ಲವಷ್ಟೇ ಎಂದು ಕೇಳಿದೆ. "ಖರೇನೋ ಸುಳ್ಳೋ ಈಗ ನೋಡ್ರಿ. ಉಣ್ಣಿ ಇತ್ತಂದ್ರ ಕೂದಲಾ ಸುಟ್ಟ ವಾಸ್ನಿ ಬರ್ತೈತಿ" ಎಂದು ಒಂದು ಎಳೆ ಹರಿದು ಕಡ್ಡಿ ಗೀರಿದರು. ಆ ವಾಸನೆ ಬರಲಿಲ್ಲ. ಎಳೆ ಸುರುಟಿ, ಕರಗಿ, ಕಪ್ಪು ಮಣಿಯಾಗಿ ಅವರ ಉಗುರಿಗೆ ಅಂಟಿಕೊಂಡಿತು. ನಾನು ಮೆಟ್ಟಿಲಿಳಿದು ರಸ್ತೆಯಲ್ಲಿ ನಿಂತೆ.

ಅಕ್ಕಾ, ಫೆಬ್ರುವರಿಯಲ್ಲಿ ನೀನು ಇಲ್ಲಿಗೆ ಬಂದಿದ್ದಾಗ, ಆ ದಿನ ನಮ್ಮ ಅಡುಗೆಮನೆಯಿಂದ ಕೂದಲು ಸುಟ್ಟ ಆ ವಾಸನೆಯೇ ಬಂದಿತ್ತು, ನೀನು ಕೂಗುವುದಕ್ಕಿಂತ ಮೊದಲು. ಚಹಾ ಕೇಳಿದವನು ನಾನು. ನೀನು ಸ್ಟೋ ಹೊತ್ತಿಸುತ್ತಿದ್ದೆ, ನಾನು ಪೇಪರು ಓದುತ್ತಿದ್ದೆ. ಬಾಜು ಮನೆಯವರು ಹಿತ್ತಲಲ್ಲಿ ಏನೋ ಸುಡುತ್ತಿದ್ದಾರೆ ಅಂದುಕೊಂಡು ಪುಟ ತಿರುಗಿಸಿದೆ. ಆಮೇಲೆ ಓಡಿಬಂದು ಗೋಣಿತಟ್ಟು ಹೊದಿಸಿದ್ದನ್ನು ಎಲ್ಲರೂ ಹೊಗಳಿದರು. "ನನ್ನ ತಮ್ಮ ಮನ್ಯಾಗ ಇದ್ದ, ಅದಕ್ಕ ಉಳದೆ" ಎಂದು ದವಾಖಾನೆಯಲ್ಲಿ ಬಂದವರಿಗೆಲ್ಲ ನೀನು ಹೇಳುತ್ತಿದ್ದೆ. ಆ ಪುಟದ ವಿಷಯ ನಾನು ಯಾರಿಗೂ ಹೇಳಿಲ್ಲ, ಭೀಮಕ್ಕನಿಗೂ. ಒಳಗೆ ಬರಬೇಡ ಎಂದು ನೀನು ಅಂದಾಗ ನನಗೆ ದುಃಖಕ್ಕಿಂತ ಹೆಚ್ಚಾಗಿ ಸಮಾಧಾನವೇ ಆಗಿತ್ತು ಎಂಬುದನ್ನೂ ಹೇಳಿಲ್ಲ. ಈ ಎರಡನ್ನೂ ಬರೆಯಲು ಒಂಬತ್ತು ತಿಂಗಳು ಬೇಕಾಯಿತು.

ಅಂಗಡಿಗೆ ಮರಳಿ, ಮೂರರಲ್ಲೂ ಒಂದೊಂದು ಮೊಳ ಕತ್ತರಿಸಿಕೊಂಡು ಬಂದೆ. ನೈಲಾನಿನಂಥದ್ದನ್ನು ಮನೆಗೆ ಬಂದ ಕೂಡಲೇ ತೆಗೆದಿಟ್ಟೆವು. ನೀನು ಒಲೆಯ ಮುಂದೆ ಕೂರದೆ ಇರುವವಳಲ್ಲ. ಮೈಗೆ ಅಂಟುವ ದಾರ ನಿನ್ನ ಹೆಗಲ ಮೇಲೆ ಬೇಡ. ಉಳಿದೆರಡನ್ನು, ಚರ್ಮಕ್ಕೆ ಚುಚ್ಚುತ್ತವೆಯೇ ನೋಡಲೆಂದು, ದಿನಕ್ಕೊಂದರಂತೆ ಕೊರಳಿಗೆ ಸುತ್ತಿಕೊಂಡು, ಮೇಲೆ ಕಾಲರು ಮುಚ್ಚಿ ಸಾಲೆಗೆ ಹೋದೆ. ನಮ್ಮ ಡ್ರಾಯಿಂಗ್ ಮಾಸ್ತರ ಸತ್ಯಪ್ಪ ಅದನ್ನು ಕಂಡುಹಿಡಿದ. "ಏನ್ರೀ ಸರ, ಈ ವಯಸ್ಸಿನ್ಯಾಗ ಯಾರ ದೃಷ್ಟಿ ತಾಗಿತು ನಿಮಗ?" ಎಂದು ಇಡೀ ಸ್ಟಾಫ್ ರೂಮನ್ನೇ ನಗಿಸಿದ. ರೇಷ್ಮೆಯ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ಆದರೆ ಭೀಮಕ್ಕ, "ರೇಷ್ಮಿ ಜಾರತೈತಿ. ಜಾರಿದ್ದನ್ನ ಮ್ಯಾಲ ಎಳಕೊಳ್ಳಾಕ ಅಕ್ಕಾರ ಕೈ ಏಳಬೇಕಲ್ರಿ" ಎಂದಳು. ಎಲ್ಲ ಮುಟ್ಟಿ ನೋಡಿದ ನನಗೆ ಅದು ತೋಚಿರಲಿಲ್ಲ. ಹತ್ತಿಯ ಎಳೆ ಕೊರಳಲ್ಲಿದೆ ಎಂಬುದು ಮಧ್ಯಾಹ್ನದ ಹೊತ್ತಿಗೆ ಮರೆತೇ ಹೋಗಿತ್ತು. ಅದನ್ನೇ ಆರಿಸಿದೆವು. ಸಣ್ಣ ಎಳೆ, ಬಣ್ಣ ಬಿಡದ ತಿಳಿಹಸಿರು. ಹತ್ತಿಯಲ್ಲಿ ಹೆಣಿಗೆಯ ಒಂದು ಕಣ್ಣು ತಪ್ಪಿದರೂ ಎದ್ದು ಕಾಣುತ್ತದಂತೆ. ಭೀಮಕ್ಕ ನಿನ್ನೆಯಿಂದ ನಾಲ್ಕು ಸಲ ಹಾಕಿ ನಾಲ್ಕು ಸಲ ಬಿಚ್ಚಿದ್ದಾಳೆ. ಎಣಿಸುವಾಗ ಮಾತಾಡಿಸಿದರೆ ಬೈಯುತ್ತಾಳೆ. ಮನೆ ಶಾಂತವಾಗಿದೆ.

ಮಾಮಾಗೆ ನಮಸ್ಕಾರ ಹೇಳು. ಚಹಾಕ್ಕೆ ಸಕ್ಕರೆ ಕಡಿಮೆ ಮಾಡಲಿ. ಭೀಮಕ್ಕ ನಿನಗೆ ಶರಣು ಹೇಳಿದ್ದಾಳೆ. ನನ್ನದೂ ಇದೆ.

ನಿನ್ನ ತಮ್ಮ,
ಗುರುಪುತ್ರಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ಭೀಮಕ್ಕ ತಡೆದಳು. ಉಣ್ಣೆಯಾಗಿದ್ದರೆ ಅಂದಾಜಿನ ಮೇಲೆ ಹೆಣೆಯಬಹುದಿತ್ತಂತೆ, ಎಳೆದಷ್ಟು ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. ಹತ್ತಿಗೆ ಆ ಗುಣವಿಲ್ಲ. ಅಂಚಿನ ಗಂಟುಗಳು ಹೊಸ ಚರ್ಮದ ಮೇಲೆ ಬೀಳಬಾರದು. ಸುಟ್ಟದ್ದು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಕಣ್ಣಾರೆ ನೋಡಿ ಅಳೆದು ತರಲೇಬೇಕು. "ನಾ ಹೋಗಿ ಬರ್ತೀನಿ, ನಿಮ್ಮ ಕೈಲೆ ಆಗೂದಿಲ್ಲ" ಎಂದಳು. ಬೇಡ ಎಂದೆ. ಬರುವ ರವಿವಾರ ಮುಂಜಾನೆಯ ಗಾಡಿಗೆ ಟೇಪು ಹಿಡಿದುಕೊಂಡು ನಾನೇ ಬರುತ್ತೇನೆ. ಪುಟದ ವಿಷಯ ತಿಳಿದ ಮೇಲೂ ನಿನಗೆ ಮನಸ್ಸಾದರೆ, ಬಾಗಿಲು ತೆರೆ.