ಕಿವಿಯಲ್ಲಿ ಹೇಳುವ ಹೆಸರು

ಘೋಣಸಗಿ,
ಸೋಮವಾರ

ತಮ್ಮ ಸಂಗನಬಸವನಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಾದರೆ ಮಾತು ಮರೆಸುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಮಗಳಿಗೆ ಇಂಗ್ಲಿಷ್ ಪುಸ್ತಕದಿಂದ ನೆಹಲೆನಿಯಾ ಎಂಬ ಹೆಸರು ಆರಿಸಿದ್ದೀರಂತೆ. ಇಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಿನ್ನ ಹೆಂಡತಿ ಅನುರಾಧಾಳನ್ನೇ "ಯಾರವಾ ಆಕಿ?" ಎಂದು ಕೇಳಿದೆ. ಬಹಳ ಹಿಂದೆ ದೂರದ ಕಡಲ ದಂಡೆಯಲ್ಲಿ ಹಡಗು ಹತ್ತುವವರು ಬೇಡಿಕೊಳ್ಳುತ್ತಿದ್ದ ದೇವಿಯಂತೆ. ಕಾಲ ಬಳಿ ಒಂದು ನಾಯಿ, ಬುಟ್ಟಿ ತುಂಬ ಹಣ್ಣು. "ಈಗ ಆಕಿಗೆ ದೀಪಾ ಹಚ್ಚವರೂ ಇಲ್ರಿ" ಅಂದಳು. ಆಗಲೇ ಹೆಸರು ನನಗೆ ಹಿಡಿಸಿತು.

ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನಿನಗಿರುವ ಅಕ್ಕ ನಾನೊಬ್ಬಳೇ. ಆದರೆ ಅನುರಾಧಾಳ ತಾಯಿ "ಗಂಡ ಸತ್ತಾಕಿ ತೊಟ್ಟಿಲ ಮುಟ್ಟೂದು ಬ್ಯಾಡ, ಊಟಕ್ಕ ಬರಲಿ" ಅಂದರಂತೆ. ನೀನು ಸುಮ್ಮನೆ ಕೂತಿದ್ದೆಯಂತೆ.

ಇರಲಿ. ನಾನು ಊಟದ ಹೊತ್ತಿಗಲ್ಲ, ಮೊದಲ ಬಸ್ಸಿಗೇ ವಿಜಯಪುರಕ್ಕೆ ಬರುತ್ತೇನೆ. ನಮ್ಮ ಮನೆಯವರು ಇದ್ದಾಗ ತಂದುಕೊಟ್ಟ ಇಳಕಲ್ಲ ಸೀರೆ ಉಟ್ಟೇ ಬರುತ್ತೇನೆ. ನಾಲಿಗೆ ತೊಡರಬಾರದೆಂದು ಎಮ್ಮೆ ಹಿಂಡುವಾಗ ದಿನಾ ಆ ಹೆಸರು ಹೇಳಿಕೊಳ್ಳುತ್ತೇನೆ. ಎಮ್ಮೆಗೂ ಬಾಯಿಪಾಠವಾಗಿದೆ.

ನೀನು ಒಂದು ಕೆಲಸ ಮಾಡು. ಹೆಸರು ಹೇಳುವಾಗ ಹೆಂಗಸರೆಲ್ಲ ನಗುತ್ತ ಸೋದರತ್ತೆಯ ಬೆನ್ನಿಗೆ ಗುದ್ದುತ್ತಾರಲ್ಲ, ಅಂದು ನನ್ನನ್ನು ಕಂಡು ಯಾರೂ ಕೈ ಹಿಂದೆಗೆಯಬಾರದು. ಜೋರಾಗಿಯೇ ಗುದ್ದಬೇಕೆಂದು ಎಲ್ಲರಿಗೂ ಈಗಲೇ ಹೇಳಿಡು.

ನಿನ್ನ ಅಕ್ಕ,
ಶೈಲಶ್ರೀ