ಅವರೆ ಮುಗಿಯುವ ಮುನ್ನ

ಚಾಮರಾಜಪೇಟೆ, ಬೆಂಗಳೂರು
8 ಫೆಬ್ರವರಿ 2026, ಭಾನುವಾರ

ಪ್ರೀತಿಯ ನಾದಿನಿ ಲೂರ್ದುಗೆ,

ನಿನ್ನ ಅತ್ತಿಗೆ ಸಗಾಯಮ್ಮನ ಯೇಸು ಸ್ತೋತ್ರ. ಮಠದಲ್ಲಿ ನಿನಗೆ ಬೇರೆ ಹೆಸರಿದೆ, ಗೊತ್ತು. ಆದರೆ ಇದೇ ಹಿತ್ತಲಲ್ಲಿ ನಿನಗೆ ಜಡೆ ಹಾಕಿದವಳು ನಾನು, ಸಿಸ್ಟರ್ ಅಂತ ಕರೆಯಲು ನಾಲಿಗೆ ಏಳುವುದಿಲ್ಲ. ಮಂಡಿನೋವು ಹೇಗಿದೆ? ಮೈಸೂರಿನಲ್ಲಿ ಬೆಳಗಿನ ಚಳಿ ಇನ್ನೂ ಇರಬೇಕು. ಕಲ್ಲುನೆಲದ ಮೇಲೆ ಮಂಡಿಯೂರುವಾಗ ಕೆಳಗೊಂದು ಹಳೆ ಶಾಲು ಮಡಚಿ ಹಾಕಿಕೊಂಡರೆ ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ನಿಮ್ಮ ಮದರ್‌ಗೆ ನಾನೇ ಹೇಳಿದೆನೆಂದು ಹೇಳು. ಇಲ್ಲಿ ಎಲ್ಲರೂ ಕ್ಷೇಮ. ಹದಿನೆಂಟಕ್ಕೆ ಬೂದಿ ಬುಧವಾರ, ಉಪವಾಸಕಾಲ ಶುರುವಾದರೆ ಈಸ್ಟರ್‌ವರೆಗೆ ನಿಮ್ಮ ಮಠಕ್ಕೆ ಕಾಗದ ಬಂದರೂ ಕೈಗೆ ಕೊಡುವುದಿಲ್ಲವಲ್ಲ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಅಲ್ಲಿಯವರೆಗೆ ಕಾಯುವ ವಿಷಯವಲ್ಲ ಇದು.

ಮೊದಲು ನಿನ್ನ ಮೇಲಿನ ದೂರು. ಹೋದ ವರ್ಷ ನಾವು ನಿನ್ನನ್ನು ನೋಡಲು ಬಂದಾಗ ಕಂಬಿಯ ಆ ಕಡೆ ಕೂತು ನಿನ್ನ ಅಣ್ಣನಿಗೆ ಏನೆಂದೆ, ನೆನಪಿದೆಯಾ? "ದೇವರ ಹತ್ರ ಮಾತಾಡಿದ್ದು ಸಾಕಣ್ಣಾ, ದಿನಾ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ." ನಿಮ್ಮ ಮಠದ ಲೆಕ್ಕದಲ್ಲಿ ಸ್ವಲ್ಪ ಹೊತ್ತು ಅಂದರೆ ಎಷ್ಟೋ ನನಗೆ ತಿಳಿಯದು. ಇವರು ಬೆಳಗ್ಗೆ ಹಾಲಿನವನು ಬರುವ ಮೊದಲೇ ಎದ್ದು ಮರಿಯಮ್ಮನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಕೂತರೆ ನಾನು ಇಡ್ಲಿ ಬೇಯಿಸಿ ಚಟ್ನಿ ರುಬ್ಬಿದರೂ ಏಳುವುದಿಲ್ಲ. ಸಂಜೆ ಇನ್ನೊಂದು ಸಲ. ಜಪಸರ ಕೈಯಲ್ಲಿರುತ್ತದೆ, ಮಣಿ ಸರಿಯುವುದಿಲ್ಲ. ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯಲ್ಲಿ ಇಡೀ ದಿನ ಕೂರುವ ಮನುಷ್ಯ ನಿನ್ನ ಅಣ್ಣ. ಮನೆಗೆ ಬಂದರೆ ಕಥೆಗಳ ಮೂಟೆಯನ್ನೇ ಬಿಚ್ಚುತ್ತಿದ್ದರು. ಯಾವ ಬೀಗರು ಯಾರ ಹೆಸರು ಮೇಲೆ ಹಾಕಿಸಬೇಕೆಂದು ಕೌಂಟರಿನಲ್ಲೇ ಜಗಳವಾಡಿದರು, ಯಾವ ಹುಡುಗಿ ಕಾರ್ಡಿನ ಬಣ್ಣ ನೋಡಿ ಅತ್ತಳು, ಎಲ್ಲವೂ ರಾತ್ರಿ ಊಟದ ಜೊತೆಗೆ ನನಗೆ ಬಡಿಸಿದ ಪಲ್ಯ. ಈಗ ಆ ಪಲ್ಯವೇ ಇಲ್ಲ, ಲೂರ್ದು. ಕೇಳಿದರೆ ನಗುತ್ತಾರೆ, ತಟ್ಟೆ ತೊಳೆದಿಟ್ಟು ಹೋಗುತ್ತಾರೆ. ನನಗೆ ದೇವರ ಮೇಲೆ ಹೊಟ್ಟೆಕಿಚ್ಚು ಬಂದದ್ದು ಇದೇ ಮೊದಲು.

ಗುಡಿಯಲ್ಲಿ ಫಾದರ್‌ಗೆ ಹೇಳಿದೆ. "ತುಂಬಾ ಒಳ್ಳೇದಮ್ಮ, ನೀವು ಡಿಸ್ಟರ್ಬ್ ಮಾಡ್ಬೇಡಿ" ಅಂದರು. ಪಕ್ಕದ ಮನೆ ಅಂಬುಜಮ್ಮನವರಿಗೆ ಹೇಳಿದೆ. "ಧ್ಯಾನ ಅಲ್ವೇನ್ರೀ? ನಿಮ್ಮೋರಲ್ಲೂ ಇದೆಯಾ? ಕುಡಿದ್ಬಂದು ಮಲಗೋರಿಗಿಂತ ವಾಸಿ ಬಿಡಿ" ಅಂದರು. ಅದೂ ನಿಜವೇ. ಹಾಗಂತ ನಾನೂ ಬಿಟ್ಟುಬಿಟ್ಟಿದ್ದೆ. ಆದರೆ ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಗ್ಗೆ ಕಾಫಿ ಕೊಡಲು ಹೋದಾಗ ಮೇಣದಬತ್ತಿ ಆರಿತ್ತು, ನಿನ್ನ ಅಣ್ಣ ಗೋಡೆಗೆ ಒರಗಿ ಕೂತಿದ್ದರು. ಮುಖ ಬಾಡಿತ್ತು. "ವರ್ಷ ಆಗ್ತಾ ಬಂತು ಸಗಾಯಾ. ಏನೂ ಇಲ್ಲ. ಕಣ್ಮುಚ್ಚಿದ್ರೆ ಬರೀ ಕಾರ್ಡ್ ಡಿಸೈನೇ ಬರುತ್ತೆ. ಬಾಳೆಕಂಬ, ಕಳಶ, ಗೋಲ್ಡ್ ಬಾರ್ಡರ್. ನನ್ನಂಥೋನ ಹತ್ರ ಬರಕ್ಕೆ ಅವರಿಗೆ ಇಷ್ಟ ಇಲ್ವೇನೋ" ಅಂದರು. ಅವರು ಅಂದದ್ದು ಪ್ರಭುವನ್ನು. ನನಗೆ ನಗು ಬಂತು, ಅವರ ಮುಖ ನೋಡಿ ತಡೆದುಕೊಂಡೆ. ನಿಮ್ಮಪ್ಪ ಸತ್ತಾಗಲೂ ಅಳದವರು ಅವತ್ತು ಕಣ್ಣೊರೆಸಿಕೊಂಡರು. ಆಮೇಲೂ ದಿನ ಬಿಡದೆ ಕೂರುತ್ತಿದ್ದಾರೆ, ಆ ಹಟ ನಿಮ್ಮ ಮನೆತನದ್ದು.

ಈಗ ನನ್ನ ವಿಷಯ. ಹೇಗೆ ಬರೆಯಲಿ ಎಂದು ಗೊತ್ತಾಗುತ್ತಿಲ್ಲ, ನೀನು ನಗಬಾರದು. ಸಂಕ್ರಾಂತಿ ಕಳೆದ ವಾರ ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು ಹಿತಕಿದ ಬೇಳೆ ಮಾಡುತ್ತಿದ್ದೆ. ರಾತ್ರಿ ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಜಾರುತ್ತದಲ್ಲ, ನಿನಗೂ ಆ ಆಟ ಇಷ್ಟವಿತ್ತು. ನಿನ್ನ ಅಣ್ಣನಿಗೆ ಅವರೆ ಅಂದರೆ ವಾಯು, ಬಾಯಿಗೆ ಇಟ್ಟು ಎಷ್ಟೋ ವರ್ಷವಾಯಿತು. ನನ್ನೊಬ್ಬಳ ಚಪಲಕ್ಕೆ ಮಾಡುತ್ತಿದ್ದೆ. ಮೊದಲು ನೀರಿನವನ ಜೊತೆ ಆಡಿದ ಜಗಳ ತಲೆಯಲ್ಲಿತ್ತು, ಆಮೇಲೆ ಗ್ಯಾಸ್ ಸಿಲಿಂಡರು, ಆಮೇಲೆ ಏನೂ ಇಲ್ಲ. ನಿದ್ದೆಯಲ್ಲ, ಕಾಗೆ ಕೂಗಿದ್ದೂ ಕೇಳುತ್ತಿತ್ತು. ಚಿಕ್ಕವರಿದ್ದಾಗ ಒಳಗೆ ಅಡುಗೆಮನೆಯಲ್ಲಿ ಅವ್ವ ಇದ್ದಾಳೆ ಎಂದು ಗೊತ್ತಿದ್ದು ಹೊರಗೆ ಆಡಿಕೊಂಡಿರುತ್ತಿದ್ದೆವಲ್ಲ, ಹಾಗೆ. ತಿರುಗಿ ನೋಡಬೇಕೆಂದೇ ಅನ್ನಿಸಲಿಲ್ಲ. ಎಚ್ಚರವಾದಂತೆ ನೋಡಿದರೆ ಪಾತ್ರೆ ಖಾಲಿ, ನನ್ನ ಬೆರಳು ಬರಿದೇ ಹಿತುಕುತ್ತಿದೆ, ಕೆನ್ನೆಯೆಲ್ಲ ಒದ್ದೆ.

ಮರುದಿನ ಕ್ಲಿನಿಕ್ಕಿಗೆ ಹೋಗಿ ಬಿ.ಪಿ. ನೋಡಿಸಿದೆ. ಸರಿಯಾಗಿದೆ. ಇನ್ನೊಂದು ಸಲ ಕಾಳು ನೆನೆಹಾಕಿ ಕೂತೆ, ಮತ್ತೆ ಅದೇ. ಕೆಲವು ದಿನ ಬರುವುದಿಲ್ಲ, ಕೆಲವು ದಿನ ಬರುತ್ತದೆ. ಇದು ಪ್ರಾರ್ಥನೆಯೇ? ನಾನು ಕೈ ಮುಗಿದಿಲ್ಲ, ಶಿಲುಬೆಯ ಗುರುತೂ ಹಾಕಿಲ್ಲ. ಇಲ್ಲ ನನ್ನ ಭ್ರಮೆಯೇ? ನಾನು ಸಂತಳಲ್ಲ ಎಂದು ಈ ಬೀದಿಯ ಎಲ್ಲರಿಗೂ ಗೊತ್ತು, ನೀರಿನವನನ್ನು ಕೇಳಿದರೆ ಸಾಕ್ಷಿ ಹೇಳುತ್ತಾನೆ. ಅಷ್ಟು ಕಾದು ಕೂತವರಿಗೆ ಬಾಳೆಕಂಬ, ಕೇಳದೆ ಕೂತವಳಿಗೆ ಇದು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುವುದು ದೇವರ ಮನೆಯಲ್ಲೂ ಉಂಟೇ? ನಿನ್ನ ಅಣ್ಣನಿಗೆ ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಿದರೆ ಅವರ ಮನಸ್ಸು ಮುರಿಯುತ್ತದೆ, ಕೂರುವುದನ್ನೇ ಬಿಟ್ಟುಬಿಡಬಹುದು. ಹೇಳದಿದ್ದರೆ ಕದ್ದು ತಿಂದ ಹಾಗಾಗುತ್ತದೆ. ಮೂವತ್ತು ವರ್ಷ ಸಂಸಾರ ಮಾಡಿ ಅವರಿಂದ ನಾನು ಏನನ್ನೂ ಬಚ್ಚಿಟ್ಟವಳಲ್ಲ. ಬೇಳೆ ಸಾರನ್ನು ಅಂಬುಜಮ್ಮನವರ ಮನೆಗೆ ಕೊಟ್ಟು ಕೊಟ್ಟು ಅವರೂ ಈಗ ನನ್ನ ಕೈಯಲ್ಲಿ ಡಬ್ಬಿ ಕಂಡರೆ ಬಾಗಿಲ ಮರೆಗೆ ಸರಿಯುತ್ತಾರೆ. "ದಿನಾ ಇಷ್ಟೊಂದು ಅವರೆ ಯಾರ್ ತಿಂತಾರೆ?" ಎಂದು ಮೊನ್ನೆ ನಿನ್ನ ಅಣ್ಣನೂ ಕೇಳಿದರು. ನಾನು ಸೀಸನ್ನು ಎಂದೆ. ಹೇಳಲೋ ಬೇಡವೋ, ನೀನೇ ಹೇಳು. ಒಂದೇ ಒಂದು ಕಾರ್ಡು ಬರಿ, ಬೂದಿ ಬುಧವಾರದ ಒಳಗೆ.

ನಿಮ್ಮ ಮದರ್‌ಗೆ, ಉಳಿದ ಸಿಸ್ಟರ್‌ಗಳಿಗೆ ನನ್ನ ನಮಸ್ಕಾರ. ಮರಿಯಮ್ಮನ ಸೆರಗು ನಿನ್ನ ಮೇಲಿರಲಿ. ವಯಸ್ಸಿನಲ್ಲಿ ದೊಡ್ಡವಳೆಂದು ಆಶೀರ್ವಾದ ನನ್ನದು, ಪ್ರಾರ್ಥನೆ ನಿನ್ನದು.

ನಿನ್ನ ಅತ್ತಿಗೆ,
ಸಗಾಯಮ್ಮ

ವಿ.ಸೂ.: ಕವರಿಗೆ ಅಂಟು ಹಚ್ಚುವ ಮೊದಲು ಇದಿಷ್ಟು. ಸಂಜೆ ನಾನು ಮೆಟ್ಟಿಲ ಮೇಲೆ ಕಾಳು ಹಿಡಿದು ಕೂತಿದ್ದೆ. ನಿನ್ನ ಅಣ್ಣ ತಮ್ಮ ಪಟದ ಮುಂದೆ ಕೂರುವ ಹೊತ್ತು. ಅಲ್ಲಿಂದ ಎದ್ದು ಬಂದರು, ಎದುರಿಗೆ ಕೂತರು, ಒಂದು ಹಿಡಿ ಕಾಳು ತೆಗೆದುಕೊಂಡರು. ಮೊದಲನೆಯದು ಹಾರಿ ಅವರ ಕನ್ನಡಕಕ್ಕೇ ಬಡಿಯಿತು, ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಹಿತುಕುತ್ತಾ ಹೋದೆವು. ಸಂಜೆಯ ಪ್ರಾರ್ಥನೆಗೆ ಗುಡಿಯ ಗಂಟೆ ಹೊಡೆದಾಗ ಎಲ್ಲಿದ್ದರೂ ಎದ್ದು ನಿಲ್ಲುವ ಮನುಷ್ಯ ಇವತ್ತು ಏಳಲಿಲ್ಲ, ಕೇಳಿಸಿತೋ ಇಲ್ಲವೋ. ಕತ್ತಲಾದ ಮೇಲೆ ಕೈ ತೊಳೆದು ಬಾಗಿಲಲ್ಲಿ ನಿಂತು, "ನಾಳೆಗೂ ಒಂದಿಷ್ಟು ನೆನೆಹಾಕು" ಅಂದರು. ನಿಮಗೆ ಅವರೆ ಆಗುವುದಿಲ್ಲವಲ್ಲ ಎಂದೆ. "ತಿನ್ನಕ್ಕಲ್ಲ" ಅಂದರು. ಹಾಗಾಗಿ ಮೇಲೆ ಕೇಳಿದ್ದಕ್ಕೆ ಉತ್ತರ ಬೇಡ. ಆದರೆ ತರಕಾರಿ ಗಾಡಿಯ ಮುನಿಯಮ್ಮ ಅವರೆ ಇನ್ನೊಂದು ವಾರ ಬಂದರೆ ಹೆಚ್ಚು ಅನ್ನುತ್ತಾಳೆ. ಅದು ಮುಗಿದ ಮೇಲೆ ನಾವಿಬ್ಬರೂ ಏನು ಮಾಡಬೇಕು, ಅದನ್ನು ಮಾತ್ರ ಬೇಗ ಬರಿ.