ಶಶಿಕಲಾ ಮೇಡಂ ಗಾಡಿಯ ನಡುಕ

ಜೂನ್ 9, ಸೋಮವಾರ

ಬೆಳಿಗ್ಗೆಯಿಂದ ಶೆಡ್‌ನಲ್ಲಿ ಎರಡು ಕ್ಲಚ್, ಒಂದು ಆಯಿಲ್ ಸರ್ವಿಸ್. ಆಮೇಲೆ ಜಾಲಹಳ್ಳಿಯ ಶಶಿಕಲಾ ಮೇಡಂ ಬಂದ್ರು. ಹನ್ನೊಂದು ವರ್ಷದ ಪೆಟ್ರೋಲ್ ಕಾರು. ಓಡುವಾಗ ಏನಿಲ್ಲ, ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ನಡುಗುತ್ತೆ.

ಸ್ಕ್ಯಾನರ್ ಹಾಕಿದೆ. ಮಿಸ್‌ಫೈರ್ ಅಂತ ತೋರಿಸ್ತು, ಅಂದ್ರೆ ಪೆಟ್ರೋಲ್ ಸರಿಯಾಗಿ ಉರೀತಿಲ್ಲ. ಪ್ಲಗ್ ಸವೆದಿದ್ವು, ನಾಲ್ಕೂ ಬದಲಾಯಿಸಿದೆ. ನಡುಕ ಕಮ್ಮಿ ಆಯ್ತು. ಪೂರ್ತಿ ಹೋಗಲಿಲ್ಲ.

"ಬ್ರೇಕೂ ಸ್ವಲ್ಪ ಗಟ್ಟಿ ಅನ್ಸುತ್ತೆ ಬಸಲಿಂಗ" ಅಂದ್ರು.

"ಹಳೇ ಗಾಡಿ ಮೇಡಂ, ಮುಂದಿನ ಸರ್ವಿಸ್‌ಗೆ ನೋಡೋಣ" ಅಂದೆ. ಹಿಂದೆ ಇನ್ನೂ ನಾಲ್ಕು ಗಾಡಿ ನಿಂತಿದ್ವು.

ಜೂನ್ 10

ಬಾನೆಟ್ ಒಳಗೆ ಸುಯ್ ಅಂತ ಸದ್ದು ಬಂದ ಹಾಗಿತ್ತು ನಿನ್ನೆ... ಕಂಪ್ರೆಸರ್ ಗಲಾಟೆಯಲ್ಲಿ ಸರಿಯಾಗಿ ಕೇಳಲಿಲ್ಲ. ಮೇಡಂಗೆ ಫೋನ್ ಮಾಡಬೇಕು ಅನ್ಕೊಂಡೆ. ಮಾಡಲಿಲ್ಲ.

ಜೂನ್ 17, ಮಧ್ಯಾಹ್ನ 3

ಅದೇ ಗಾಡಿ, ಪೊಲೀಸರು ಟೋ ಮಾಡ್ಕೊಂಡು ತಂದ್ರು. ಸ್ಟೇಷನ್ ಮುಂದೆ ನಿಲ್ಲಿಸೋಕೆ ಜಾಗ ಇಲ್ವಂತೆ, ಪರೀಕ್ಷೆ ಆಗೋವರೆಗೂ ಇಲ್ಲೇ ಇರ್ಲಿ ಅಂದ್ರು. ಭಾನುವಾರ ಫ್ಲೈಓವರ್ ಇಳಿಯುವಾಗ ನಿಂತ ಲಾರಿಗೆ ಗುದ್ದಿದೆ. ಮೇಡಂ ಕಾಲು ಮುರಿದಿದೆ. ಪಕ್ಕದಲ್ಲಿ ಕೂತಿದ್ದ ಅವರ ತಂದೆ ಸಿದ್ದಲಿಂಗಯ್ಯನವರು ಅಲ್ಲೇ ಹೋಗಿಬಿಟ್ರು.

ಬಾನೆಟ್ ಎತ್ತಿ ನೋಡಿದೆ. ಬ್ರೇಕ್ ಒತ್ತೋ ಕಾಲಿಗೆ ಬಲ ಕೊಡೋ ಬೂಸ್ಟರ್‌ಗೆ ಹೋಗೋ ರಬ್ಬರ್ ಪೈಪು ಸೀಳಿದೆ. ಹಳೇ ಸೀಳು, ಅಂಚಲ್ಲಿ ಧೂಳು ಕೂತಿದೆ. ಅಲ್ಲಿಂದ ಗಾಳಿ ಎಳ್ಕೊಂಡೇ ಇಂಜಿನ್ ನಡುಗ್ತಿತ್ತು. ಬ್ರೇಕ್ ಗಟ್ಟಿಯಾಗಿದ್ದೂ ಅದರಿಂದಲೇ. ಅವತ್ತು ಆ ಪೈಪನ್ನ ಎರಡು ಬೆರಳಲ್ಲಿ ಹಿಸುಕಿದ್ರೆ ನಡುಕ ನಿಲ್ತಿತ್ತು, ಗೊತ್ತಾಗೋದು.

ಓನರ್ ಚನಬಸಪ್ಪ ಅಣ್ಣ ನೋಡಿದ್ರು. ಶಟರ್ ಅರ್ಧ ಇಳಿಸಿದ್ರು. ಆಮೇಲೆ, "ನಾಳೆ ಆರ್‌ಟಿಓದವರು ಗಾಡಿ ಪರೀಕ್ಷೆ ಮಾಡಾಕ ಬರ್ತಾರ. ಬ್ಯಾರೆ ಪೈಪ್ ಹಾಕಿಬಿಡು. ನಾಕು ಮನಿ ಉಣ್ಣೋ ಶೆಡ್ ಐತಿ ಇದು."

"ನನ್ನಿಂದ ಆಗಂಗಿಲ್ಲ ಅಣ್ಣಾ."

ಅವರೇ ಹಾಕಿದ್ರು. ಬ್ಯಾಡ ಅಂತ ನಾನೂ ಅನ್ನಲಿಲ್ಲ. ಹಳೇದನ್ನ ಕಸದ ಡಬ್ಬಿಯಿಂದ ಎತ್ಕೊಂಡೆ, ಅಷ್ಟೇ.

ಜೂನ್ 18

ಬ್ರೇಕ್‌ನಲ್ಲಿ ದೋಷ ಇಲ್ಲ, ಓಡಿಸಿದವರದೇ ತಪ್ಪು— ಹಾಗಂತ ಬರ್ಕೊಂಡು ಹೋದ್ರು.

ಜೂನ್ 23

ಇವತ್ತು ಆಸ್ಪತ್ರೆಗೆ ಹೋದೆ. ಮೇಡಂ ಗೋಡೆ ಕಡೆ ತಿರುಗಿ ಮಲಗಿದ್ರು.

"ಬ್ರೇಕ್ ಒತ್ತಿದ್ದೆ ಅನ್ಸುತ್ತೆ ಬಸಲಿಂಗ. ಒತ್ತಿರಲಿಲ್ವೇನೋ. ನಾನೇ ಅಪ್ಪನ್ನ ಕೊಂದೆ."

"ಒತ್ತಿದ್ರಿ ಮೇಡಂ."

"ನಿಮಗೆ ಹೇಗೆ ಗೊತ್ತು?"

ಪೈಪನ್ನ ಮಂಚದ ಮೇಲಿಟ್ಟೆ. ಎಲ್ಲಾ ಹೇಳಿದೆ. ನನ್ನದು, ಅಣ್ಣಂದು, ಎರಡೂ. ಮೇಡಂ ಈ ಕಡೆ ತಿರುಗಿದ್ರು. ಸೀಳನ್ನ ಬೆರಳಲ್ಲಿ ಮುಟ್ಟಿ ನೋಡಿದ್ರು.

"ಪೊಲೀಸರ ಮುಂದೆ ಹೇಳ್ತೀರಾ?"

ಹೂಂ ಅಂದೆ. ನಾಳೆ ಹತ್ತು ಗಂಟೆಗೆ ಸ್ಟೇಷನ್. ಚನಬಸಪ್ಪ ಅಣ್ಣಂಗೆ ಇನ್ನೂ ಹೇಳಿಲ್ಲ.